ಪದ ಪರಿಚಯ: ಪ್ಯಾನ್‌ಕೇಕ್ ಲೆನ್ಸ್

ಕ್ಯಾಮೆರಾದ ಮೈಗೆ ಅಂಟಿಕೊಂಡಂತೆ ಕೂರುವ ಗಿಡ್ಡ, ಚಪ್ಪಟೆ ಲೆನ್ಸ್‌ಗೆ ಪ್ಯಾನ್‌ಕೇಕ್ ಲೆನ್ಸ್ ಅನ್ನುತ್ತಾರೆ. ಇವುಗಳಲ್ಲಿ ಸಾಮಾನ್ಯವಾಗಿ ಜೂಮ್ ಇರುವುದಿಲ್ಲ. ಕ್ಯಾನನ್ 2012ರಲ್ಲಿ ತಂದ 40 ಎಂಎಂ ಎಫ್/2.8 ನೋಡಿ. (ಎಂಎಂ ಲೆನ್ಸ್‌ನ ಫೋಕಲ್ ದೂರ, ಕಡಿಮೆಯಾದಷ್ಟು ನೋಟ ಅಗಲ. ಎಫ್ ಪಕ್ಕದ ಸಂಖ್ಯೆ ಕಡಿಮೆಯಾದಷ್ಟು ಒಳಗೆ ಬರುವ ಬೆಳಕು ಜಾಸ್ತಿ.) ಉದ್ದ 22.8 ಮಿ.ಮೀ., ತೂಕ 130 ಗ್ರಾಂ.

ಇಷ್ಟು ಚಿಕ್ಕದಾಗಿ ಮಾಡಲು ಹೇಗೆ ಸಾಧ್ಯ? ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಲೆನ್ಸ್ ಕೂರುವ ಮೌಂಟ್‌ನಿಂದ ಚಿತ್ರ ಹಿಡಿಯುವ ಸೆನ್ಸರ್‌ಗೆ 44 ಮಿ.ಮೀ. ದೂರ. ನಡುವೆ ಆ ಕನ್ನಡಿ ಮೇಲೆ ಕೆಳಗೆ ಆಡಬೇಕಲ್ಲ, ಅದಕ್ಕೆ. 40 ಎಂಎಂ ಈ ದೂರಕ್ಕೆ ಹತ್ತಿರವಿರುವುದರಿಂದ ಕೆಲವೇ ಗಾಜುಗಳಲ್ಲಿ ಕೆಲಸ ಮುಗಿಯುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲ. ಕ್ಯಾನನ್ ಮಿರರ್‌ಲೆಸ್‌ನ ಆರ್‌ಎಫ್ ಮೌಂಟ್‌ನಲ್ಲಿ ಆ ದೂರ ಬರೀ 20 ಮಿ.ಮೀ. ಹಾಗಾಗಿ 2023ರಲ್ಲಿ ಬಂದ ಆರ್‌ಎಫ್ 28 ಎಂಎಂ ಎಫ್/2.8 ಇನ್ನೂ ಅಗಲದ ನೋಟ ಕೊಟ್ಟರೂ 120 ಗ್ರಾಂ ಅಷ್ಟೇ.

ಇನ್ನೊಂದು ಗುಟ್ಟು ಅಪರ್ಚರ್. 40ನ್ನು 2.8ರಿಂದ ಭಾಗಿಸಿ, ಬೆಳಕು ಬರುವ ಕಿಂಡಿ ಸುಮಾರು 14 ಮಿ.ಮೀ. ಅದೇ 50 ಎಂಎಂ ಎಫ್/1.2 ಆದರೆ ಸುಮಾರು 42. ಕ್ಯಾನನ್‌ನ ಆ ಆರ್‌ಎಫ್ ಲೆನ್ಸ್ 950 ಗ್ರಾಂ ತೂಗುತ್ತದೆ!

ಚಿಕ್ಕಬಳ್ಳಾಪುರದವರಿಗೆ ಇದರ ಲೆಕ್ಕ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ ಚೆನ್ನಾಗಿ ತಿಳಿಯುತ್ತದೆ. ಹೊರಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಬಿಸಿಲು. ಎಫ್/8 ಇಟ್ಟರೆ ಅಗ್ಗದ ಲೆನ್ಸ್ ಯಾವುದು, ದುಬಾರಿ ಯಾವುದು ಅಂತ ಫೋಟೋ ನೋಡಿ ಹೇಳುವುದು ಕಷ್ಟ. ಒಳಗೆ, ಕೆತ್ತನೆ ಕಂಬಗಳ ಮಂಟಪದಲ್ಲಿ ಬೆಳಕು ಕಡಿಮೆ. ಎಫ್/1.8 ಲೆನ್ಸ್ ಎಫ್/2.8ಗಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್/2.8ರಲ್ಲಿ ಶಟರ್ 1/30 ಸೆಕೆಂಡ್ ತೆರೆದಿರಬೇಕಾದ ಕಡೆ ಎಫ್/1.8ರಲ್ಲಿ 1/70ರ ಆಸುಪಾಸು ಸಾಕು. ಕಲ್ಲಿನ ಕಂಬವೇನೂ ಅಲ್ಲಾಡಲ್ಲ, ಉಸಿರು ಬಿಗಿಹಿಡಿದು ತೆಗೆಯಬಹುದು. ಓಡಾಡುವ ಮಕ್ಕಳು ಹಾಗಲ್ಲ, ಅಲ್ವಾ? ಪೂರ್ತಿ ಅಪರ್ಚರ್ ತೆರೆದಾಗ ಪ್ಯಾನ್‌ಕೇಕ್ ಲೆನ್ಸ್‌ಗಳಲ್ಲಿ ಫೋಟೋದ ಮೂಲೆಗಳು ಸ್ವಲ್ಪ ಕಪ್ಪಾಗುವುದು, ಮಸುಕಾಗುವುದು ಸಾಮಾನ್ಯ. ಎಫ್/5.6ಕ್ಕೆ ತಂದರೆ ಹೆಚ್ಚಿನ ಪಾಲು ಸರಿಹೋಗುತ್ತದೆ.

ನಂದಿಬೆಟ್ಟದ ನೀಲಗಿರಿ ಕಾಡುಪಾರಿವಾಳದ ಫೋಟೋ ತೆಗೆಯಲು ಬಂದವರಿಗೆ ಪ್ಯಾನ್‌ಕೇಕ್ ಬೇಡವೇ ಬೇಡ, ದೂರದ ಹಕ್ಕಿ ಇದರಲ್ಲಿ ಚುಕ್ಕಿಯಂತೆ ಕಾಣುತ್ತದೆ.

ಚಿಕ್ಕದು ಅಂದರೆ ಅಗ್ಗ ಅಂದುಕೊಳ್ಳಬೇಡಿ. ಆರ್‌ಎಫ್ 28 ಎಂಎಂ ಪ್ಯಾನ್‌ಕೇಕ್‌ಗಿಂತ ಆರ್‌ಎಫ್ 50 ಎಂಎಂ ಎಫ್/1.8 ಕಡಿಮೆ ಬೆಲೆಗೆ ಸಿಗುತ್ತದೆ. ಅದರ ತೂಕವೂ 160 ಗ್ರಾಂ ಅಷ್ಟೇ. ನಲವತ್ತು ಗ್ರಾಂ ಉಳಿಸಲು ಜಾಸ್ತಿ ದುಡ್ಡು ಯಾಕೆ? ನೀವು ಕೊಡುತ್ತಿರುವುದು ಅಗಲದ ನೋಟಕ್ಕೆ, ಜರ್ಕಿನ್ ಜೇಬಿಗೆ ಹೋಗುವ ಆ ತೆಳುವಿಗೆ. ಹೇಗೂ ಬ್ಯಾಗ್ ಹಾಕಿಕೊಂಡೇ ಬೆಟ್ಟಕ್ಕೆ ಹೋಗುವವರು, ಮನೆಯವರ ಮುಖದ ಫೋಟೋ ಹೆಚ್ಚು ತೆಗೆಯುವವರು ಸುಮ್ನೆ 50 ತಗೊಳ್ಳಿ ಅಂತ ನನ್ನ ಮಾತು. ಸಂತೆ, ಜಾತ್ರೆಯ ಜನರ ನಡುವೆ ಸದ್ದಿಲ್ಲದೆ ಫೋಟೋ ತೆಗೆಯುವ ಆಸೆ ಇದ್ದರೆ ಪ್ಯಾನ್‌ಕೇಕ್ ಸರಿ.

ಸೆಕೆಂಡ್ ಹ್ಯಾಂಡ್‌ನಲ್ಲಿ ಆ ಹಳೆಯ 40 ಎಂಎಂ ಸಿಕ್ಕರೆ ಟಾರ್ಚ್ ಬೆಳಕು ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ. ನಿಮ್ಮದು ಕ್ಯಾನನ್ ಮಿರರ್‌ಲೆಸ್ ಆಗಿದ್ದರೆ ಇನ್ನೊಂದು ಮಾತು. ಈ 40 ಎಂಎಂ ಅದಕ್ಕೆ ಕೂರಲು ನಡುವೆ ಅಡಾಪ್ಟರ್ ಬೇಕು. ಆ ಅಡಾಪ್ಟರ್‌ನ ಉದ್ದವೇ 24 ಮಿ.ಮೀ., ಲೆನ್ಸ್‌ಗಿಂತ ಒಂದು ಕೈ ಮೇಲೆ.