ಒಳಗುಂಪು ಬೇಟೆ: ಹೇನಿನ ಶತ್ರುಗಳು ಒಬ್ಬರನ್ನೊಬ್ಬರು ತಿಂದಾಗ

ಗೋಧಿ, ಬಾರ್ಲಿಯ ತೆನೆಗೆ ಸಸ್ಯಹೇನು ಹತ್ತಿದರೆ ಅದರ ಬೆನ್ನಿಗೇ ಗುಲಗಂಜಿ ಹುಳು, ಕ್ರೈಸೋಪರ್ಲಾ ಎಂಬ ಜಾಲರೆಕ್ಕೆ ಕೀಟದ ಮರಿ, ಸಿರ್ಫಿಡ್ ನೊಣದ ಮರಿ, ಹೇನಿನೊಳಗೆ ಮೊಟ್ಟೆಯಿಡುವ ಪರತಂತ್ರ ಕಣಜ ಎಲ್ಲವೂ ಬರುತ್ತವೆ. ಒಂದೇ ಆಹಾರವನ್ನು ನೆಚ್ಚಿದ ಇಂಥ ಜೀವಿಗಳ ಗುಂಪಿಗೆ ಪರಿಸರ ವಿಜ್ಞಾನದಲ್ಲಿ ‘ಗಿಲ್ಡ್’ ಎಂದು ಹೆಸರು. ಗುಂಪಿನ ಒಂದು ಜೀವಿ ಇನ್ನೊಂದನ್ನೇ ಹಿಡಿದು ತಿಂದರೆ ಅದು ‘ಇಂಟ್ರಾಗಿಲ್ಡ್ ಪ್ರಿಡೇಶನ್’, ಕನ್ನಡದಲ್ಲಿ ಒಳಗುಂಪು ಬೇಟೆ ಎನ್ನಬಹುದು. ಪೋಲಿಸ್, ಮೈಯರ್ಸ್ ಮತ್ತು ಹೋಲ್ಟ್ ಎಂಬ ವಿಜ್ಞಾನಿಗಳು 1989ರಲ್ಲಿ ಬರೆದ ವಿಮರ್ಶಾ ಲೇಖನದಿಂದ ಈ ಪದ ವ್ಯಾಪಕವಾಗಿ ಬಳಕೆಗೆ ಬಂತು.

ಇದು ಬರೀ ಪೈಪೋಟಿಯಲ್ಲ. ಪೈಪೋಟಿಯಲ್ಲಿ ಒಬ್ಬರು ತಿಂದಷ್ಟು ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ, ಅಷ್ಟೇ. ಇಲ್ಲಿ ಕೊಂದವನಿಗೆ ಊಟವೂ ಆಯಿತು, ಎದುರಾಳಿಯೂ ತೊಲಗಿದ.

ಹೆಚ್ಚು ಪೆಟ್ಟು ತಿನ್ನುವುದು ಕಣಜ. ಅಫಿಡಿಯಸ್ ಕಣಜ ಹೇನಿನೊಳಗೆ ಒಂದು ಮೊಟ್ಟೆ ಇಡುತ್ತದೆ; ಮರಿ ಒಳಗಿನಿಂದ ತಿನ್ನುತ್ತಾ ಬೆಳೆಯುತ್ತದೆ. ಹೇನು ಸತ್ತು, ಉಬ್ಬಿ, ಕಂದು ಬಣ್ಣದ ‘ಮಮ್ಮಿ’ಯಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಅಷ್ಟರವರೆಗೆ ಮರಿ ಇರುವುದು ಓಡಾಡುವ ಹೇನಿನೊಳಗೇ, ಅದಕ್ಕೆ ಬೇರೆ ರಕ್ಷಣೆಯಿಲ್ಲ. ಗುಲಗಂಜಿ ಹುಳು ಆ ಹೇನನ್ನು ನುಂಗಿದರೆ ಕಣಜದ ಮರಿಯೂ ಹೋಯಿತು. ಒಂದೇ ಹೇನಿಗೆ ಎರಡು ಕಣಜ ಮೊಟ್ಟೆಯಿಟ್ಟರೂ ಜಗಳವೇ: ಹೇನಿನೊಳಗೆ ಬದುಕುಳಿಯುವುದು ಒಂದೇ ಮರಿ.

ಮಮ್ಮಿಯಾದ ಮೇಲೂ ನೆಮ್ಮದಿಯಿಲ್ಲ. ಕಣಜದ ಮರಿಯ ಮೇಲೆಯೇ ಬದುಕುವ ಅತಿಪರತಂತ್ರ ಕಣಜಗಳಿವೆ; ಡೆಂಡ್ರೊಸೆರಸ್ ಅಂಥದ್ದು. (ಇದನ್ನು ಸಾಮಾನ್ಯವಾಗಿ ಆಹಾರ ಸರಪಳಿಯ ಬೇರೆ ಮೆಟ್ಟಿಲಿನ ಜೀವಿಯೆಂದೇ ಎಣಿಸುತ್ತಾರೆ, ಏಕೆಂದರೆ ಇದಕ್ಕೆ ಹೇನು ನೇರ ಆಹಾರವಲ್ಲ.) ಖಾಲಿ ಮಮ್ಮಿಯನ್ನು ಭೂತಗನ್ನಡಿಯಲ್ಲಿ ನೋಡಿ. ದುಂಡಗೆ ಕತ್ತರಿಸಿದಂಥ ತೂತು, ಪಕ್ಕದಲ್ಲಿ ಕೆಲವೊಮ್ಮೆ ಮುಚ್ಚಳ ಇದ್ದರೆ ಹೊರಬಂದದ್ದು ಅಫಿಡಿಯಸ್. ಅಂಚು ಕಚ್ಚಿ ಕಿತ್ತಂತಿದ್ದರೆ ಅತಿಪರತಂತ್ರ ಕಣಜವೆಂದು ಅನುಮಾನಿಸಬೇಕು. ಖಚಿತವಾಗಬೇಕಾದರೆ ತೂತಿಲ್ಲದ ಮಮ್ಮಿಗಳನ್ನು ಎಲೆಯ ತುಂಡಿನ ಸಮೇತ ಗಾಜಿನ ಕೊಳವೆಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಬಿಸಿಲಿಗೆ ಇಡದೆ, ಹೊರಬರುವ ಕಣಜವನ್ನೇ ಗುರುತಿಸಬೇಕು.

ಎಲ್ಲ ಜೊತೆಗೂಡಿಕೆಯೂ ನಷ್ಟವೇನಲ್ಲ. ಗುಲಗಂಜಿ ಹುಳು ಕಂಡು ಹೇನುಗಳು ಕೈಬಿಟ್ಟು ನೆಲಕ್ಕೆ ಉದುರುತ್ತವೆ. ಕೆಳಗೆ ನೆಲಜೀರುಂಡೆ ಕಾದಿದ್ದರೆ ಇಬ್ಬರ ಕೆಲಸ ಸೇರಿ ಒಬ್ಬೊಬ್ಬರ ಮೊತ್ತಕ್ಕಿಂತ ಹೆಚ್ಚಾಗುತ್ತದೆ. ಹೇನು ಹೇರಳವಾಗಿದ್ದಾಗ ಶತ್ರುಗಳು ಪರಸ್ಪರ ಎದುರಾಗುವುದೂ ಕಡಿಮೆ. ಹೇನು ಮುಗಿಯುತ್ತಾ ಬಂದಾಗಲೇ ಗುಲಗಂಜಿ ಮರಿ ಪಕ್ಕದ ಮೊಟ್ಟೆಗಳಿಗೂ, ತನ್ನ ಜಾತಿಯವಕ್ಕೂ, ಬಾಯಿ ಹಾಕುವುದು.

ಹಾಗಾಗಿ ಹೊಲದಲ್ಲಿ ಎಷ್ಟು ಬಗೆಯ ಮಿತ್ರಕೀಟ ಇವೆ ಎಂದು ಎಣಿಸಿ ಸಮಾಧಾನಪಟ್ಟುಕೊಳ್ಳುವುದು ತಪ್ಪು ಲೆಕ್ಕ. ಪ್ರತಿ ವಾರ ಅದೇ ಸಂಖ್ಯೆಯ ತೆಂಡೆಗಳಲ್ಲಿ ಜೀವಂತ ಹೇನು, ಮಮ್ಮಿ, ಪರಭಕ್ಷಕ ಮೂರನ್ನೂ ಬೇರೆಬೇರೆ ಬರೆದಿಡಿ. ಕಣಜ ಬಿಡುವುದಾದರೆ ಹೇನು ವಿರಳವಾಗಿರುವಾಗಲೇ ಬಿಡಬೇಕು, ಗುಲಗಂಜಿ ದಂಡು ಬಂದ ಮೇಲಲ್ಲ. ಕ್ರೈಸೋಪರ್ಲಾ ಮರಿಗಳನ್ನು ಒಂದೇ ಕಡೆ ಸುರಿದರೆ ಅವು ಒಂದನ್ನೊಂದು ತಿನ್ನುತ್ತವೆ, ಹರಡಿ ಬಿಡಿ.