ಬಾಯಿಪಾಠ ಮಾಡುವಾಗ ಎದೆಬಡಿತ ಏರುವುದೇಕೆ?

ಧಾರವಾಡದ ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರ ಕೈಗೆ ಈಗ ಸ್ಮಾರ್ಟ್‌ವಾಚ್ ಬಂದಿದೆ. ಸಂವಿಧಾನದ ವಿಧಿಗಳನ್ನು ಉರು ಹೊಡೆಯುವಾಗ ನಾಡಿ 72ರಿಂದ 84ಕ್ಕೆ ಏರಿದರೆ ಒಬ್ಬರು ‘ಟೆನ್ಷನ್ ಆಗೇತಿ’ ಅನ್ನುತ್ತಾರೆ, ಇನ್ನೊಬ್ಬರು ‘ತಲಿಗೆ ಹತ್ತಾಕತ್ತೈತಿ’ ಅನ್ನುತ್ತಾರೆ. ಎರಡೂ ಅವಸರದ ಮಾತು.

ಬುದ್ಧಿ ದುಡಿದಾಗ ರಕ್ತಸಂಚಾರ ಹೇಗೆ ಬದಲಾಗುತ್ತದೆಂದು ಅಳೆಯಲು ಇಟಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 1880ರ ದಶಕದಲ್ಲೇ ಹೊರಟಿದ್ದ. ವಿಷಯ ಗೋಜಲಾದದ್ದು 1960ರ ದಶಕದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೇಸಿ ದಂಪತಿ ಹೊರಗಿನ ನೋಟ, ಸದ್ದಿಗೆ ಗಮನ ಕೊಟ್ಟರೆ ಬಡಿತ ನಿಧಾನವಾಗುತ್ತದೆ, ತಲೆಯೊಳಗೇ ಲೆಕ್ಕ ಹಾಕಿದರೆ ಚುರುಕಾಗುತ್ತದೆ ಎಂದರು. 1963ರಲ್ಲಿ ಕಾಲ್ಸ್‌ಬೀಕ್ ಮತ್ತು ಎಟ್ಟೆಮಾ ಎಂಬ ಸಂಶೋಧಕರು ಬೇರೆಯದೇ ಗುರುತು ಕಂಡರು: ತಲೆಯ ಮೇಲೆ ಭಾರ ಬಿದ್ದಾಗ ಬಡಿತಗಳ ನಡುವಿನ ಅಂತರದ ಏರುಪೇರು ತಗ್ಗುತ್ತದೆ. 1966ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಜ್ಯಾಕ್ಸನ್ ಬೀಟಿ ಸೆಕೆಂಡಿಗೊಂದರಂತೆ ಅಂಕಿಗಳನ್ನು ಕೇಳಿಸಿದರು. ಒಂದೊಂದು ಅಂಕಿ ನೆನಪಿಗೆ ಸೇರಿದಂತೆ ಕಣ್ಣಿನ ಪಾಪೆ ಹಿಗ್ಗಿತು, ಒಪ್ಪಿಸುತ್ತ ಹೋದಂತೆ ಕುಗ್ಗಿತು. ಮೂರು ವರ್ಷದ ನಂತರ ಕಾನೆಮನ್ ಬೇರೆ ಸಂಗಡಿಗರ ಜೊತೆ ಪಾಪೆ, ಎದೆಬಡಿತ, ಚರ್ಮದ ವಿದ್ಯುತ್ ರೋಧ ಮೂರನ್ನೂ ಒಟ್ಟಿಗೇ ಅಳೆದರು.

ಭಾರ ಹೆಚ್ಚಿದಷ್ಟೂ ದೇಹ ಹೆಚ್ಚು ದುಡಿಯುತ್ತದೆ ಎಂಬ ಸರಳ ನಂಬಿಕೆಗೆ ಪೆಟ್ಟು ಕೊಟ್ಟದ್ದು 1980ರ ದಶಕ. ಬೇಕಾದಷ್ಟೇ, ಅದೂ ಕೆಲಸ ಆಗುವಂತಿದ್ದರಷ್ಟೇ ನಾವು ಶ್ರಮ ಹಾಕುತ್ತೇವೆ ಎಂಬ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಹ್ಮ್ ಅವರ ಸಿದ್ಧಾಂತ ಹಿಡಿದು ರಿಚರ್ಡ್ ರೈಟ್ ಮತ್ತು ಸಂಗಡಿಗರು ಬಾಯಿಪಾಠದ ಕೆಲಸಗಳನ್ನೇ ಕೊಟ್ಟು ನೋಡಿದರು. ಪಟ್ಟಿ ಸುಲಭವಿದ್ದರೆ ಮೇಲಿನ ರಕ್ತದೊತ್ತಡ ಅಷ್ಟಾಗಿ ಏರಲಿಲ್ಲ. ಕಷ್ಟವಾದರೂ ಆಗುವಂಥದ್ದಿದ್ದರೆ ಚೆನ್ನಾಗಿ ಏರಿತು. ಆಗುವುದೇ ಇಲ್ಲ ಎನ್ನುವಷ್ಟು ಉದ್ದದ ಪಟ್ಟಿ ಕೊಟ್ಟಾಗ ಮತ್ತೆ ಇಳಿಯಿತು, ದೇಹ ಕೈಚೆಲ್ಲಿತ್ತು. ಒಂದೇ ಸಂಜೆಗೆ 60 ವಿಧಿ ಕೊಡುವ ರೂಢಿ ಇರುವ ಕಡೆ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು.

ಬಡಿತವೊಂದನ್ನೇ ನಂಬುವಂತಿಲ್ಲ. ಹೃದಯಕ್ಕೆ ಎರಡು ಹಗ್ಗ: ವೇಗಸ್ ನರ ತಡೆಯುತ್ತದೆ, ಸಿಂಪಥೆಟಿಕ್ ನರಗಳು ಎಬ್ಬಿಸುತ್ತವೆ. ವೇಗಸ್ ಸಡಿಲಾದರೂ ಬಡಿತ ಏರುತ್ತದೆ, ಸಿಂಪಥೆಟಿಕ್ ಬಿಗಿಯಾದರೂ ಏರುತ್ತದೆ. ಅದಕ್ಕೇ ಪ್ರಯೋಗಾಲಯಗಳಲ್ಲಿ ಹೃದಯದ ಕೆಳಕೋಣೆಗೆ ವಿದ್ಯುತ್ ಸಂಕೇತ ತಲುಪಿದ ಮೇಲೆ ಮಹಾಪಧಮನಿಯ ಕವಾಟ ತೆರೆಯಲು ಹಿಡಿಯುವ ಸುಮಾರು 100 ಮಿಲಿಸೆಕೆಂಡನ್ನು ಅಳೆಯುತ್ತಾರೆ. ಶ್ರಮ ಹೆಚ್ಚಿ ಸಿಂಪಥೆಟಿಕ್ ಬಿಗಿಯಾದರೆ ಆ ಅವಧಿ ಕಿರಿದಾಗುತ್ತದೆ. ವಾಚಿಗೆ ಇದು ಸಿಗದು.

ಆದರೂ ನೋಡಬೇಕೆಂದರೆ, ಚಹಾ ಕುಡಿದು, ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆಯಬೇಡಿ. 5 ನಿಮಿಷ ಸುಮ್ಮನೆ ಕೂತು ನಾಡಿ ಬರೆದುಕೊಳ್ಳಿ, ಆಮೇಲೆ 2 ನಿಮಿಷ ಮನಸ್ಸಿನಲ್ಲೇ ಬಾಯಿಪಾಠ ಮಾಡಿ, ಎರಡರ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ಗಟ್ಟಿಯಾಗಿ ಓದಿದರೆ ಉಸಿರಿನ ಲಯ ಬದಲಾಗಿ ನಾಡಿಯೂ ಕೆಡುತ್ತದೆ. ಬರೆಯುವ ಕೈಗೆ ವಾಚ್ ಕಟ್ಟಿದರೆ ಹಸಿರು ಬೆಳಕಿನಿಂದ ನಾಡಿ ಅಳೆಯುವ ಅದು ಕೈಯ ಅಲುಗಾಟವನ್ನೇ ಬಡಿತವೆಂದು ಎಣಿಸಬಹುದು. ಓದಿದ್ದು ಉಳಿಯಿತೋ ಇಲ್ಲವೋ ಎಂಬುದಕ್ಕೆ ಬೇರೆ ಅಳತೆ ಬೇಕು: ಮರುದಿನ ಪುಸ್ತಕ ಮುಚ್ಚಿ, 14ರಿಂದ 32ರವರೆಗಿನ ವಿಧಿಗಳನ್ನು ಖಾಲಿ ಹಾಳೆಯಲ್ಲಿ ಬರೆದು ನೋಡುವುದು.