ಒಗ್ಬಾಂಜೆಯ ಕೂಸು, ಹೆಗ್ಗೆಣಸಿನ ಹೊಲ

ಆಗ್ನೇಯ ನೈಜೀರಿಯಾದ ಇಗ್ಬೋ ಹಳ್ಳಿಗಳಲ್ಲಿ ಕೆಲವರ ಹೆಸರೇ ಒಂದು ಮೊರೆ. ಒನ್ವುಬಿಕೋ ಎಂದರೆ ‘ಸಾವೇ, ನಿನ್ನ ದಮ್ಮಯ್ಯ’. ಒಜೊಯೆಮೆನಾ ಎಂದರೆ ‘ಇನ್ನೊಮ್ಮೆ ಹೀಗಾಗದಿರಲಿ’. ಮಕ್ಕಳು ಉಳಿಯದ ಮನೆಗಳಿಂದ ಬಂದ ಹೆಸರುಗಳಿವು.

ಹಿರಿಯರು ಇದಕ್ಕೆ ಒಗ್ಬಾಂಜೆ ಎನ್ನುತ್ತಿದ್ದರು. ಒಂದೇ ಜೀವ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಸತ್ತು, ಮತ್ತೆ ಹುಟ್ಟಿ ಕಾಡುತ್ತದಂತೆ. ಅದು ಎಲ್ಲೋ ಹೂತಿಟ್ಟ ‘ಇಯಿ ಉವಾ’ವನ್ನು, ಅಂದರೆ ಆ ಜೀವವನ್ನು ಪರಲೋಕಕ್ಕೆ ಕಟ್ಟಿಹಾಕುವ ಗುಟ್ಟಿನ ವಸ್ತುವನ್ನು, ದಿಬಿಯಾ, ಅಂದರೆ ಮದ್ದೂ ಕೊಟ್ಟು ಕಣಿಯೂ ಹೇಳುವವನು, ಅಗೆದು ತೆಗೆದರೆ ಮಗು ಉಳಿದೀತು. ಮತ್ತೆ ಬಾರದಿರಲೆಂದು ಸತ್ತ ಕೂಸಿನ ಮೈಗೆ ಗಾಯ ಮಾಡಿ ಹೂಳುವುದೂ ಇತ್ತು. ಓದಿದರೆ ಸಿಟ್ಟು ಬರುತ್ತದೆ. ಆದರೆ ‘ಮೂಢನಂಬಿಕೆ’ ಎಂದು ಒಂದೇ ಮಾತಲ್ಲಿ ಕೈತೊಳೆದುಕೊಳ್ಳುವವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು. ಆ ಜನ ಕೊಟ್ಟ ಕಾರಣ ತಪ್ಪು, ಕಂಡದ್ದು ಸುಳ್ಳಲ್ಲ. ಕೆಲವೇ ಮನೆಗಳಲ್ಲಿ, ಒಂದೇ ತಾಯಿಗೆ, ಒಂದೇ ಬಗೆಯ ಸಾವು! ಎಲ್ಲವೂ ಅಲ್ಲದಿದ್ದರೂ, ಇವುಗಳಲ್ಲಿ ಹಲವು ಸಿಕಲ್ ಸೆಲ್ ಎಂಬ, ತಂದೆತಾಯಿಯಿಂದ ಬರುವ ರಕ್ತದ ರೋಗದ ಸಾವುಗಳು.

ರಕ್ತಕಣದೊಳಗೆ ಆಮ್ಲಜನಕ ಹೊರುವ ಪ್ರೋಟೀನು ಹಿಮೊಗ್ಲೋಬಿನ್. ಅದರ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತರೆ ಮುಗಿಯಿತು. ವ್ಯಾಲೀನಿಗೆ ನೀರೆಂದರೆ ಆಗದು. ಹಿಮೊಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಅದು ಪಕ್ಕದ ಅಣುವಿನ ಗುಳಿಗೆ ನುಗ್ಗುತ್ತದೆ, ಉತ್ತರಾಣಿ ಪಂಚೆಗೆ ಕಚ್ಚಿದಂತೆ. ಅದಕ್ಕಿನ್ನೊಂದು, ಮತ್ತೊಂದು ಅಂಟಿ, ಹುರಿ ಹೊಸೆದಂತೆ ಉದ್ದುದ್ದ ಎಳೆಗಳು. ಮೆತ್ತಗೆ ದುಂಡಗಿದ್ದ ರಕ್ತಕಣ ಒಳಗಿನಿಂದಲೇ ಸೆಟೆದು ಕುಡುಗೋಲಾಗುತ್ತದೆ. ಸಂದಿಯಲ್ಲಿ ಅಡ್ಡ ಸಿಕ್ಕ ಎತ್ತಿನಗಾಡಿಯಂತೆ ಸಣ್ಣ ನಾಳ ಕಟ್ಟುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ.

ಇಷ್ಟಾದರೂ ಮಗು ಹುಟ್ಟುವಾಗ ಗುಂಡುಗುಂಡಾಗಿರುತ್ತದೆ. ಗರ್ಭದಿಂದ ತಂದ ಹಿಮೊಗ್ಲೋಬಿನ್ನಿನಲ್ಲಿ ಬೀಟಾ ಸರಪಳಿಯೇ ಇಲ್ಲವಲ್ಲ! ಆರು ತಿಂಗಳ ಹೊತ್ತಿಗೆ ಆ ಬುತ್ತಿ ಕರಗುತ್ತದೆ. ಕೈಕಾಲು ಬಾತು, ಮುಟ್ಟಿದರೆ ಚೀರಾಟ. ನಗುತ್ತಿದ್ದ ಕೂಸು ಬೇಕೆಂದೇ ಹೊರಟು ನಿಂತಿದೆ ಎಂದು ತಾಯಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು? ತಂದೆತಾಯಿ ಇಬ್ಬರೂ ವಾಹಕರು, ಅಂದರೆ ಕೆಟ್ಟ ಜೀನಿನ ಒಂದೇ ಪ್ರತಿ ಹೊತ್ತವರು, ನೋಡಲು ಗಟ್ಟಿಮುಟ್ಟು. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹಿಂದಿನ ಸಾವು ಈ ಲೆಕ್ಕದಲ್ಲಿ ಜಮೆಯಾಗುವುದಿಲ್ಲ.

ಇಂಥ ಕೇಡಿನ ಜೀನ್ ಅಳಿಯಲಿಲ್ಲವೇಕೆ? ಒಂದೇ ಪ್ರತಿ ಇದ್ದವರಿಗೆ ಅದು ಮಲೇರಿಯಾದಿಂದ ರಕ್ಷಣೆ ಕೊಡುತ್ತದೆಂದು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದರು. ನನಗೆ ಅದಕ್ಕಿಂತ ಹಿಡಿಸುವುದು 1958ರ ವಾದ. ಮಾನವಶಾಸ್ತ್ರಜ್ಞ ಫ್ರಾಂಕ್ ಲಿವಿಂಗ್‌ಸ್ಟೋನ್ ಪಶ್ಚಿಮ ಆಫ್ರಿಕಾದ ಬೇಸಾಯದತ್ತ, ಅದರಲ್ಲೂ ಯಾಮ್ ಎಂಬ ಹೆಗ್ಗೆಣಸಿನತ್ತ ಬೆರಳು ತೋರಿಸಿದರು. ಇಗ್ಬೋ ಜನರಿಗೆ ಈ ‘ಜಿ’ ಬರೀ ಊಟವಲ್ಲ. ಅದು ಗಂಡಸರ ಬೆಳೆ. ‘ಒಬಾ’ ಎಂಬ ಗೆಡ್ಡೆಯ ಕಣಜದಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ಗೆಡ್ಡೆಗಳೇ ಅವನ ಸಂಪತ್ತು, ಮಾನ. ‘ಇರಿ ಜಿ’ ಎಂಬ ಹೊಸ ಗೆಡ್ಡೆಯ ಹಬ್ಬವಾಗದೆ ಹೊಸ ಗೆಡ್ಡೆ ಬಾಯಿಗಿಡುವಂತಿರಲಿಲ್ಲ. ಆದರೆ ಅದನ್ನು ಬೆಳೆಯಲು ಕಾಡು ಕಡಿಯಬೇಕು. ಮಲೇರಿಯಾ ಹೊರುವ ಅನಾಫಿಲಿಸ್ ಗ್ಯಾಂಬಿಯೇ ಸೊಳ್ಳೆ ದಟ್ಟ ನೆರಳಿನ ನೀರಲ್ಲಿ ಅಷ್ಟಾಗಿ ಹುಟ್ಟದು. ಅದಕ್ಕೆ ಬಿಸಿಲು ಬಿದ್ದ ಸಣ್ಣ ಹೊಂಡವೇ ಬೇಕು. ಹೊಲದ ಜೊತೆ ಸೊಳ್ಳೆ, ಸೊಳ್ಳೆಯ ಜೊತೆ ಜ್ವರ, ಜ್ವರದ ಜೊತೆ ಆ ಜೀನಿಗೂ ಬೆಲೆ ಬಂತು. ಹಬ್ಬದ ಗೆಡ್ಡೆ, ಒಗ್ಬಾಂಜೆಯ ಕೂಸು ಎರಡರ ಬೇರೂ ಒಂದೇ ಹೊಲದಲ್ಲಿದೆ ಎಂದಾಯಿತು!

ಇಂದು ನೈಜೀರಿಯಾದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ವಾಹಕರು. ಮದುವೆಗೆ ಮುಂಚೆ ಜಿನೋಟೈಪ್ ಚೀಟಿ, ಅಂದರೆ ಈ ಜೀನಿನ ರಕ್ತಪರೀಕ್ಷೆಯ ಫಲಿತಾಂಶ, ಕೇಳುವ ಚರ್ಚುಗಳು ಎಷ್ಟೋ ಇವೆ. ಇಬ್ಬರದೂ ‘ಎಎಸ್’, ಅಂದರೆ ವಾಹಕರು ಎಂದು ಬಂದರೆ, ವರ್ಷಗಟ್ಟಲೆ ಪ್ರೀತಿಸಿದವರೂ ಬೇರೆಯಾಗುವುದುಂಟು.